ದರ್ಜಿ ಅಣ್ಣನ ನೀಲಿ ಅಂಗಿ

ಲಿವರ್ ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ಹೊಸಬರಿಗೆ ಪಾಠ ಹೇಳುವ ಹಳೆಯ ರೋಗಿ ಒಬ್ಬರು ಇದ್ದೇ ಇರುತ್ತಾರೆ. ನಮ್ಮ ಬೆಂಚಿಗೆ ದರ್ಜಿ ಅಣ್ಣ ಇದ್ದಾರೆ. ಬಂದವರು ಕೂರುವ ಮೊದಲೇ ಕಣ್ಣಲ್ಲೇ ಅಳತೆ ತೆಗೆದು, ಡಾಕ್ಟರಿಗಿಂತ ಮುಂಚೆ ಕಾಯಿಲೆ ಹೇಳಿಬಿಡುತ್ತಾರೆ. "ಲಿವರ್ ಅಂದ್ರೆ ಮೈಯ ಉಗ್ರಾಣ ಕಣ್ರೀ. ಅದು ಬಾವು ಬಂದು ಬಂದು ಗಟ್ಟಿಯಾದ್ರೆ ಸಕ್ಕರೆ ಕೂಡಿಡೋಕೆ ಜಾಗ ಇರಲ್ಲ. ಉಂಡಾಗ ರಕ್ತದ ತುಂಬ ಸಕ್ಕರೆ, ಬೆಳಗಾದ್ರೆ ಡಬ್ಬಿ ಖಾಲಿ. ಆಗ ಮೈ ತನ್ನ ಮಾಂಸವನ್ನೇ ತಿನ್ನುತ್ತೆ. ಮಲಗೋ ಮುಂಚೆ ಒಂದಿಷ್ಟು ತಿನ್ನಿ. ಹಸಿದು ಮಲಗೋರು ನನ್ನ ಪಕ್ಕ ಕೂರಬೇಡಿ!" ಎಂದು ಗದರುತ್ತಾರೆ. ಹಾರ್ಮೋನು ಏರುಪೇರಾಗಿ ತಮ್ಮ ಎದೆ ಹೆಂಗಸರಂತೆ ಉಬ್ಬಿದ್ದನ್ನೂ ಮುಚ್ಚಿಡುವವರಲ್ಲ. "ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದೆ ನೋಡಕ್ಕ, ಅದರ ಇನಾಮು ಇದು!" ಎಂದು ಎಲ್ಲರನ್ನೂ ನಗಿಸುತ್ತಾರೆ. ಪ್ರತಿ ತಿಂಗಳೂ ಅದೇ ನೀಲಿ ಅಂಗಿ. ಹೊಟ್ಟೆಯಲ್ಲಿ ನೀರು ತುಂಬಿದರೆ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಾರೆ, ಕೈ ಸೊರಗಿದಂತೆಲ್ಲ ತೋಳನ್ನು ಬಿಗಿ ಮಾಡುತ್ತಾರೆ. ಈ ಸಲ ಪರೀಕ್ಷೆಗೆ ರಕ್ತ ಕೊಡಲು ಅಂಗಿಯ ತೋಳು ಮೇಲಕ್ಕೆ ಸರಿಸಿದಾಗ, ಒಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಹಾಗೇ ಮಡಿಸಿ ಹೊಲಿದಿದ್ದು ನನ್ನ ಕಣ್ಣಿಗೆ ಬಿತ್ತು. "ಕತ್ತರಿಸಿ ತೆಗೀಬಾರದೇನಣ್ಣ? ಒತ್ತಲ್ವಾ?" ಎಂದೆ. "ಒತ್ತಲಿ ಬಿಡಕ್ಕ," ಎಂದರು ಆ ಮಡಿಕೆ ಸವರುತ್ತ. "ಕೈ ಮತ್ತೆ ತುಂಬಿಕೊಂಡ ದಿನ ಇದೇ ಬಣ್ಣದ ಬಟ್ಟೆ ಎಲ್ಲಿ ಹುಡುಕಲಿ?"