ಅತ್ತೆಯ ಮೂಗು, ಸೊಸೆಯ ಕಣ್ಣು

ಬೀದಿಯ ಮಕ್ಕಳೆಲ್ಲ ಅವಳನ್ನು ಬನ್ನಕ್ಕ ಎಂದೇ ಕರೆಯುತ್ತಿದ್ದರು. ಮೂಲೆಯ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವುದು ಅವಳ ಕೆಲಸ. ಅವಳು ಗಡಿಯಾರ ನೋಡಿದವಳಲ್ಲ; ಬ್ರೆಡ್ಡು ಬೆಂದಿತೋ ಇಲ್ಲವೋ ಎಂದು ಮೂಗೇ ಹೇಳುತ್ತಿತ್ತು. ಅಂಥವಳಿಗೆ ಒಂದು ಜ್ವರ ಬಂತು. ಹೋಗುವಾಗ ಅದು ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಕೆಲಸಕ್ಕೆ ಮರಳಿದ ವಾರವೇ ತಟ್ಟೆಗಟ್ಟಲೆ ಬನ್ನು ಕರಕಲಾಯಿತು. ಹೊಗೆ ಕಣ್ಣಿಗೆ ಹತ್ತಿದ ಮೇಲಷ್ಟೇ ಅವಳಿಗೆ ಗೊತ್ತಾದದ್ದು. ಯಜಮಾನರು ಬೈಯಲಿಲ್ಲ. "ಸ್ವಲ್ಪ ದಿನ ಪ್ಯಾಕಿಂಗ್ ನೋಡ್ಕೊಳಮ್ಮ" ಅಂದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಗಂಡ ಲಾರಿ ಓಡಿಸುವವನು. ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಉಳಿಯುತ್ತಿದ್ದವರು ಅವಳೂ ಅತ್ತೆಯೂ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅತ್ತೆಯ ಮೂಗಿನ ತುದಿಯಲ್ಲಿ ಕೋಪವೂ ಇತ್ತು, ಇಡೀ ಬೀದಿಯ ಅಡುಗೆಯೂ ಇತ್ತು: ಯಾರ ಮನೆಯಲ್ಲಿ ಏನು ಸೀದಿದೆ ಎಂದು ಬಾಗಿಲಲ್ಲಿ ಕೂತೇ ಹೇಳುತ್ತಿದ್ದಳು. ಹರೆಯದಲ್ಲಿ ಆಕೆ ಕಾಡಿನಿಂದ ಸೋಂಪಿನ ವಾಸನೆಯ ಅಣಬೆ ಆರಿಸಿ ತರುವುದರಲ್ಲಿ ಹೆಸರುವಾಸಿ. ಕಣ್ಣು ಮಂಜಾದ ಮೇಲೆ ಅದಕ್ಕೂ ಕಲ್ಲು ಬಿತ್ತು.

ಊಟ ಬಾಯಿಗೆ ಮಣ್ಣಾಗಿ, ಸೊಸೆ ತಟ್ಟೆಯ ಮುಂದೆ ಸುಮ್ಮನೆ ಕೂರುವುದನ್ನು ಅತ್ತೆ ಕೆಲವು ದಿನ ಸಹಿಸಿದಳು. ಒಂದು ರಜೆಯ ಬೆಳಿಗ್ಗೆ ಬುಟ್ಟಿ ತಂದು ಎದುರಿಗಿಟ್ಟಳು.

"ಏಳು, ಕಾಡಿಗೆ ಹೋಗೋಣ."

"ನಿಮಗೆ ಕಣ್ಣು ಕಾಣಲ್ಲ, ನನಗೆ ಮೂಗಿಲ್ಲ. ಇಬ್ಬರೂ ಹೋಗಿ ಏನು ಕಡಿದು ಕಟ್ಟೆ ಹಾಕೋದು ಅತ್ತೆ?"

"ನಿನ್ನದೊಂದು, ನನ್ನದೊಂದು ಸೇರಿಸಿದ್ರೆ ಒಬ್ಬಳಾದರೂ ನೆಟ್ಟಗಾಗ್ತಾಳೆ. ಏಳೇ."

ಬಸ್ಸು ಕೊನೆಯ ನಿಲ್ದಾಣದಲ್ಲಿ ಇಳಿಸಿತು. ಬನ್ನಕ್ಕ ಮರಗಳ ನಡುವೆ ಕೈಹಿಡಿದು ನಡೆಸುತ್ತಿದ್ದಾಗ ಅತ್ತೆ ತಟ್ಟನೆ ನಿಂತು ಮುಖ ಎತ್ತಿದಳು. "ಎಡಗಡೆ. ಹತ್ತಿರದಲ್ಲೇ ಇದೆ." ಬನ್ನಕ್ಕ ಮಂಡಿಯೂರಿ ಉದುರೆಲೆ ಸರಿಸಿದಳು. ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣದ ಪುಟ್ಟ ಟೊಪ್ಪಿಗೆಗಳು ಗುಂಪಾಗಿ ಎದ್ದಿದ್ದವು.

"ಬಣ್ಣ ಹೇಳು. ಕೆಳಗಿನ ಪದರ ಹೇಗಿದೆ? ಬುಡ ಅಗೆದು ನೋಡು, ಮುರೀಬೇಡ."

ಅವಳು ಕಂಡದ್ದನ್ನೆಲ್ಲ ಹೇಳಿದಳು. ಟೊಪ್ಪಿಗೆಯ ಅಂಚಿನ ಅಲೆ, ಬುಡಕ್ಕೆ ಅಂಟಿದ ಬಿಳಿ ನೂಲಿನಂಥದ್ದು, ಮುಟ್ಟಿದರೆ ತಣ್ಣಗಿರುವುದು. ಮದುವೆಯಾಗಿ ಬಂದಾಗಿನಿಂದ ಅತ್ತೆಯೊಡನೆ ಅಷ್ಟು ಮಾತಾಡಿದ್ದು ಅವತ್ತೇ. ಅತ್ತೆ ಒಂದೊಂದನ್ನೂ ಮೂಸಿ "ಹಾಕು" ಅನ್ನುತ್ತಿದ್ದಳು. ಬುಟ್ಟಿ ತುಂಬುತ್ತ ಬಂತು.

ಆಗ ಅವಳ ಕೈಗೆ ಸಿಕ್ಕ ಒಂದು ಅಣಬೆ ಬೆಳ್ಳಗಿತ್ತು. ಅತ್ತೆ ಮೂಸಿ, "ಹಾಕು" ಅಂದಳು. ಬನ್ನಕ್ಕನ ಕೈ ಬುಟ್ಟಿಯ ಮೇಲೇ ನಿಂತಿತು. ಅತ್ತೆಯ ಮೂಗನ್ನು ಯಾವತ್ತೂ ಅನುಮಾನಿಸಿದವಳಲ್ಲ ಅವಳು.

"ಅತ್ತೆ, ಇದರಲ್ಲಿ ಹಸಿರೇ ಇಲ್ಲ."

"ಘಮ್ಮಂತಿದೆಯಲ್ಲೇ!"

"ನಿಮ್ಮ ಬೆರಳೇ ಘಮ್ಮಂತಿರಬಹುದು. ಇಷ್ಟು ಹೊತ್ತು ಮುಟ್ಟಿದ್ದೀರಲ್ಲ."

ಅತ್ತೆಯ ಮುಖ ಬಿಗಿಯಿತು. ಬಾಟಲಿಯ ನೀರಲ್ಲಿ ಕೈ ಉಜ್ಜಿ ತೊಳೆದು, ಬುಟ್ಟಿಯಿಂದ ದೂರ ಹೋಗಿ ನಿಂತು, ಅದನ್ನೂ ತೊಳೆಸಿ ಮತ್ತೆ ಮೂಸಿದಳು. ಆಮೇಲೆ ಮರಕ್ಕೆ ಕೈಯೂರಿ ನಿಧಾನ ಕೂತಳು.

"ಇದಕ್ಕೆ ಸೋಂಪಿನ ವಾಸನೆಯೇ ಇಲ್ಲ ಕಣೇ. ಬರೀ ಹಿಟ್ಟಿನಂತಿದೆ. ಇದನ್ನು ತಿಂದವರು ಉಳಿಯೋದು ಕಷ್ಟ. ಸುರಿದುಬಿಡು, ಬುಟ್ಟಿ ಪೂರ್ತಿ."

"ಉಳಿದವು ಚೆನ್ನಾಗಿವೆಯಲ್ಲ ಅತ್ತೆ..."

"ಎಷ್ಟಕ್ಕೆ ನನ್ನ ಕೈ ಸುಳ್ಳು ಹೇಳಿತೋ ಯಾರಿಗೆ ಗೊತ್ತು? ಸುರಿ."

ಖಾಲಿ ಬುಟ್ಟಿಯೊಂದಿಗೆ ಬಸ್ಸು ಹತ್ತಿದರು. ಇಳಿಯುವ ಹೊತ್ತಿಗೆ ಅತ್ತೆ, "ನೀನು ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು" ಅಂದಳು. ಬನ್ನಕ್ಕ ಅತ್ತೆಯ ಕೈಹಿಡಿದು ಮೆಟ್ಟಿಲಿಳಿಸಿದಳು.

ಮುಂದಿನ ರಜೆಗೆ ಮತ್ತೆ ಹೋದರು. ಈ ಸಲ ಒಂದು ಕಟ್ಟಳೆ: ಪ್ರತಿ ಅಣಬೆಗೂ ಕೈ ತೊಳೆಯಬೇಕು, ಕಣ್ಣೂ ಮೂಗೂ ಎರಡೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಅದು ಮಣ್ಣಿಗೆ. ಸಿಕ್ಕಿದ್ದು ಒಂದು ಹಿಡಿ. ಬೆಣ್ಣೆಯಲ್ಲಿ ಬಾಡಿಸುವಾಗ ಅತ್ತೆ ಒಲೆಯ ಪಕ್ಕ ಕೂತು, ಸೊಸೆಗೆ ವಾಸನೆಯನ್ನು ಬಾಯಲ್ಲಿ ಹೇಳಿದಳು. "ಈಗ ಸೋಂಪು ಎದ್ದಿತು... ಈಗ ಒದ್ದೆ ಎಲೆ... ಈಗ ಸಿಹಿ, ಬೇಗ ಇಳಿಸು!" ಬನ್ನಕ್ಕ ಹೊಟ್ಟೆ ತುಂಬ ಉಂಡಳು. ನಾಲಗೆಗೆ ಏನೂ ಹತ್ತಲಿಲ್ಲ, ಮನಸ್ಸಿಗೆ ಹತ್ತಿತು.

ಹಸಿರು-ನೀಲಿಯ ಕೂದಲೆಳೆ ವ್ಯತ್ಯಾಸ ಗುರುತಿಸಿ ಪಳಗಿದ ಕಣ್ಣಿಗೆ ಬ್ರೆಡ್ಡಿನ ಮೇಲ್ಮೈ ಕೆಂಪೇರುವ ಹದವೂ ಸಿಕ್ಕಿತು. ಮಳೆಗಾಲ ಮುಗಿಯುವಷ್ಟರಲ್ಲಿ ಯಜಮಾನರು ಅವಳನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಿದರು. ಮೂಗು ಮಾತ್ರ ಮರಳಲೇ ಇಲ್ಲ.

ಊರಿಗೆ ಬಂದ ಗಂಡ ಇಬ್ಬರೂ ಒಂದೇ ಸಮನೆ ಹರಟುವುದನ್ನು ಕಂಡು ಬೆರಗಾದ. "ಅಮ್ಮ, ಇವಳ ಮೇಲೆ ದೂರೇ ಇಲ್ವಾ ಈ ಸಲ?"

"ನನಗೆ ಅನ್ನ ಬಡಿಸೋ ಕೈ ಅದು, ನನ್ನ ಜೀವ ಉಳಿಸಿದ ಕಣ್ಣೂ ಅವಳದೇ" ಅಂದಳು ಅತ್ತೆ. "ದೂರು ಬೇಕಾದ್ರೆ ನಿನ್ನ ಮೇಲೆ ಹೇಳ್ತೀನಿ, ಕೂತ್ಕೋ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಬನ್ನಕ್ಕ ನಲ್ಲಿ ನಿಲ್ಲಿಸಿ, ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು.