ಬೇಸ್‌ಮೆಂಟಿನಲ್ಲಿ ಅರ್ಧ ಗಂಟೆ

ದಾರಿ ತಪ್ಪಿದವನು ತಪ್ಪಿದೆ ಎಂದು ಒಪ್ಪಿಕೊಳ್ಳಲು ಎಷ್ಟು ಹೊತ್ತು ಬೇಕು? ನನಗೆ ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆ ನನ್ನ ಸ್ವಂತದ್ದಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಅದು ನನ್ನ ಗೆಳೆಯನದು.

ಈ ವಾರ ನಗಿಸುವಂಥದ್ದು ಏನೂ ಇಲ್ಲ. (ಅದಕ್ಕೆಂದೇ ಈ ಪುಟ ತೆರೆಯುವವರು ಪಕ್ಕದ ಪದಬಂಧಕ್ಕೆ ಹೋಗಬಹುದು, ಬೇಸರವಿಲ್ಲ.)

ಗೆಳೆಯನ ಹೆಸರು ಜಾವೀದ್. ಶಿವಾಜಿನಗರದ ಗಲ್ಲಿಯೊಂದರಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿ. ಅದನ್ನು ಕಟ್ಟಿ ಬೆಳೆಸಿದವರು ಅವನ ಅಬ್ಬಾ, ಖಾದರ್ ಸಾಹೇಬರು. ಶಾಲೆಯ ದಿನಗಳಲ್ಲಿ ನನ್ನ ಪುಸ್ತಕಗಳಿಗೆ ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿಕೊಡುತ್ತಿದ್ದವರು ಅವರೇ. ಎರಡು ತಿಂಗಳ ಹಿಂದೆ ಅವರ ಕಿಡ್ನಿಗಳು ಕೈಕೊಟ್ಟವು. ನಗರದ ಪೂರ್ವ ಭಾಗದ ದೊಡ್ಡ ಆಸ್ಪತ್ರೆಯೊಂದರ ಐಸಿಯು ಸೇರಿದರು. (ಆಸ್ಪತ್ರೆಯ ಹೆಸರು ಬೇಡ. ತಪ್ಪು ಅದರದ್ದಲ್ಲ.)

ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರು, ನೋಡುವವರಿದ್ದರೆ ಬಂದು ನೋಡಿಕೊಂಡು ಹೋಗಲಿ ಎಂದರಂತೆ. ಇಂಥ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ.

ಸಾಹೇಬರು ಹಜ್‌ಗೆ ಹೋಗಿದ್ದಾಗ ಒಂದು ಪುಟ್ಟ ಬಾಟಲಿಯಲ್ಲಿ ಮಕ್ಕಾದ ಪವಿತ್ರ ಬಾವಿಯ ಝಂಝಂ ನೀರು ತಂದು ಬೀರುವಿನಲ್ಲಿ ಇಟ್ಟಿದ್ದರು. ಕೊನೆಗಾಲಕ್ಕೆ ನಾಲಿಗೆಯ ಮೇಲೆ ನಾಲ್ಕು ಹನಿ ಅದೇ ಬೀಳಬೇಕು, ಅದೂ ಮಗನ ಕೈಯಿಂದ. ವರ್ಷಗಳಿಂದ ಹೇಳುತ್ತ ಬಂದ ಮಾತು. ಹಿಂದಿನ ದಿನ ಕೇಳಿಯೂ ಇದ್ದರು. ಜಾವೀದ್ ಗಾಬರಿಯಲ್ಲಿ ಬಾಟಲಿಯನ್ನು ಮನೆಯಲ್ಲೇ ಮರೆತು ಬಂದಿದ್ದ.

ನನಗೆ ಫೋನ್ ಬಂತು. ನನ್ನ ಸ್ಕೂಟರಿನಲ್ಲಿ ಅವನನ್ನು ಕೂರಿಸಿಕೊಂಡು ಆಸ್ಪತ್ರೆಯಿಂದ ಶಿವಾಜಿನಗರ, ಅಲ್ಲಿಂದ ಹಲಸೂರಿನ ಟ್ರಾಫಿಕ್ ನುಗ್ಗಿಕೊಂಡು ಮತ್ತೆ ಆಸ್ಪತ್ರೆ. ಐಸಿಯುಗೆ ಬಿಡುವುದು ಹನ್ನೊಂದರಿಂದ ಹನ್ನೊಂದೂವರೆ ಮಾತ್ರ. ನಾವು ತಲುಪಿದಾಗ ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು.

ಮುಂಬಾಗಿಲಿನಲ್ಲಿ ಜಾತ್ರೆ. ಲಿಫ್ಟಿನ ಮುಂದೆ ಮೂರು ಸಾಲು ಜನ. ಜಾವೀದ್ ಮೆಟ್ಟಿಲ ಕಡೆ ತಿರುಗಿದ. ಎಂಟು ದಿನದಿಂದ ಅವನು ಹತ್ತಿ ಇಳಿದ ಮೆಟ್ಟಿಲು ಅವು. ಮೂರೇ ಮಹಡಿ.

ಆಗ ನಾನು ಬಾಯಿ ಬಿಟ್ಟೆ. "ಮೆಟ್ಟಿಲು ಬೇಡ, ಜನ ತುಂಬಿದಾರೆ. ಬೇಸ್‌ಮೆಂಟಲ್ಲಿ ಇನ್ನೊಂದು ಲಿಫ್ಟ್ ಇದೆ. ನಂಗೊತ್ತು, ಬಾ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ನಿಂಗೊತ್ತಲ್ಲ ಗುರು, ನಡಿ" ಎಂದ.

ನನಗೆ ಹೇಗೆ ಗೊತ್ತು? ಎರಡು ವರ್ಷದ ಹಿಂದೆ ಅತ್ತೆಯ ಮಂಡಿ ಆಪರೇಷನ್ನಿಗೆ ಬಂದಾಗ ಒಮ್ಮೆ ಹಾಗೆ ಹೋಗಿದ್ದೆ. ಅಷ್ಟೇ ಬಂಡವಾಳ. ಈ ಊರಿನ ಯಾವ ಸಂದಿಯೂ ನನಗೆ ಗೊತ್ತು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ, ಓದುವ ನಿಮಗೇ ಗೊತ್ತು. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತಿದ್ದೆ.

ಕೆಳಗಿಳಿದು ಬಲಕ್ಕೆ ತಿರುಗಿದೆವು. ಲಿಫ್ಟ್ ಇದ್ದ ಜಾಗದಲ್ಲಿ ಗೋಡೆ ಇತ್ತು. ಈ ಎರಡು ವರ್ಷದಲ್ಲಿ ಹೊಸ ಕಟ್ಟಡ ಎದ್ದು, ಹಳೆಯದಕ್ಕೆ ಅಂಟಿಕೊಂಡು, ಕೆಳಗೆಲ್ಲ ಬದಲಾಗಿತ್ತು. ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಮುಂದೆ ಇರುತ್ತೆ ಎಂದೆ. ಒಂದು ಬಾಗಿಲು ತಳ್ಳಿಕೊಂಡು ಆಚೆ ಹೋದೆವು, ಅದು ಹಿಂದೆ ಮುಚ್ಚಿಕೊಂಡಿತು. ಈ ಕಡೆಯಿಂದ ಅದಕ್ಕೆ ಹಿಡಿಯೇ ಇಲ್ಲ.

ಉದ್ದನೆಯ ಕಾರಿಡಾರ್. ಅರ್ಧಕ್ಕೆ ಹಸಿರು ಬಳಿದ ಗೋಡೆ, ತಲೆಯ ಮೇಲೆ ದಪ್ಪ ಪೈಪುಗಳು, ಎಲ್ಲಿಂದಲೋ ಗುಂಯ್ ಎನ್ನುವ ಸದ್ದು. ಎಡಕ್ಕೊಂದು ತೆರೆದ ಕೋಣೆ. ಒಳಗೆ ಬಟ್ಟೆಯ ರಾಶಿ, ಹಸಿರು ಚಾದರ ಮಡಚುತ್ತಿದ್ದ ಒಬ್ಬ ಹೆಂಗಸು. ನಾವು ಸರಸರ ದಾಟಿ ಹೋದೆವು. ಕೊನೆಯಲ್ಲಿ ಮುರಿದ ಮಂಚ, ಚಕ್ರ ಇಲ್ಲದ ವೀಲ್‌ಚೇರುಗಳು. ಮುಂದೆ ದಾರಿ ಇಲ್ಲ.

ಹನ್ನೊಂದೂ ಹತ್ತು.

ತಿರುಗಿ ಬಂದೆವು. ಮತ್ತೆ ಅದೇ ಕೋಣೆ. ಹೆಂಗಸು ತಲೆ ಎತ್ತಿ ನೋಡಿದಳು. ನಾನು ಮುಖ ತಿರುಗಿಸಿದೆ. ಇಳಿಜಾರಿನಲ್ಲಿ ಇಳಿದರೆ ಇನ್ನೊಂದು ಅಂತಸ್ತು, ಅಲ್ಲಿ ಜನರೇಟರ್, ಬೀಗ ಹಾಕಿದ ಕಬ್ಬಿಣದ ಗೇಟು. ಮೊಬೈಲ್ ತೆಗೆದರೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಜಾವೀದ್ ಬಾಟಲಿಯನ್ನು ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದಿದ್ದ. ತುಟಿ ಏನೋ ಪಠಿಸುತ್ತಿತ್ತು. ನಾನು ಈ ಕಟ್ಟಡದ ಇಂಜಿನಿಯರ್ ಬಗ್ಗೆ ಒಂದು ಜೋಕು ಹೊಡೆದೆ. (ಹೌದು, ಅಂಥ ಹೊತ್ತಿನಲ್ಲಿ. ಭಯವಾದಾಗ ನನಗೆ ಬರುವುದು ಅದೊಂದೇ.) ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಳಿಜಾರು ಹತ್ತಿ ಮತ್ತೆ ಅದೇ ಕಾರಿಡಾರಿಗೆ ಬಂದಾಗ ಹನ್ನೊಂದೂ ಇಪ್ಪತ್ತು. ಯೂನಿಫಾರ್ಮಿನ ಸೆಕ್ಯೂರಿಟಿಯೊಬ್ಬ ಸಿಕ್ಕ. ನನಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕೇಳಿದೆ. ಅವನು ಕೆಲಸಕ್ಕೆ ಸೇರಿ ಎರಡು ದಿನವಾಗಿತ್ತು. ಧೈರ್ಯವಾಗಿ ಕೈ ತೋರಿಸಿದ. ಆ ಕಡೆ ತಿರುಗಿದರೆ ಕಾರಿಡಾರಿನ ಕೊನೆಯಲ್ಲಿ ಮತ್ತೆ ಅವೇ ಮುರಿದ ಮಂಚಗಳು ಕಂಡವು.

ಮೂರನೆಯ ಸಲ ಆ ಕೋಣೆಯ ಮುಂದೆ ಬಂದಾಗ ಹೆಂಗಸೇ ಹೊರಗೆ ಬಂದು ಅಡ್ಡ ನಿಂತಳು.

"ಎಲ್ಲಿಗೆ ಹೋಗಬೇಕ್ರೀ ನಿಮಗ? ಮೂರು ಸಲ ಆತು, ಇಲ್ಲೇ ತಿರಗಾಕತ್ತೀರಿ."

ಐಸಿಯು ಎಂದೆ. ಆಕೆ ಕೈಯಲ್ಲಿದ್ದ ಚಾದರವನ್ನು ಕೆಳಗಿಟ್ಟು, ಬಟ್ಟೆಯ ರಾಶಿಯ ಹಿಂದೆ ಹೋಗಿ ಒಂದು ಗುಂಡಿ ಒತ್ತಿದಳು. ಅಲ್ಲೇ ಇತ್ತು ಲಿಫ್ಟು. ಬಟ್ಟೆ ಸಾಗಿಸುವ ಲಿಫ್ಟು. ಮೊದಲ ಸಲ ದಾಟಿದಾಗ ನಾವು ಅದರಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆವು.

ಲಿಫ್ಟಿನೊಳಗೆ ಆಕೆ ಜಾವೀದನನ್ನೇ ನೋಡಿದಳು. ಆರನೇ ಬೆಡ್ಡಿನ ಅಜ್ಜಾರ ಕಡೆಯವರೇನು ಎಂದು ಕೇಳಿದಳು. ಅವನು ತಲೆಯಾಡಿಸಿದ.

"ಮುಂಜಾನೆ ಚಾದರ ಕೊಡಾಕ ಹೋಗಿದ್ದೆರೀ. ನೀರು ಅಂದ್ರು, ಮಗ ಅಂದ್ರು. ಬರ್ತಾನ ತಡೀರಿ ಅಂದೆ." ಮೆಲ್ಲಗೆ ಸೇರಿಸಿದಳು. "ನೀವು ಮೊದಲನೇ ಸಲಾನೇ ಕೇಳಬೇಕಿತ್ರೀ. ಐಸಿಯುಕ್ಕ ದಿನಾ ಬಟ್ಟಿ ನಾನೇ ಒಯ್ತೀನಿ."

ಮೂರನೆಯ ಮಹಡಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಆರನೇ ಬೆಡ್ಡಿನ ಸುತ್ತ ಪರದೆ ಎಳೆದಿತ್ತು. ಸಿಸ್ಟರ್ ಜಾವೀದನ ತೋಳು ಹಿಡಿದು, ಐದು ನಿಮಿಷವಾಯಿತು ಎಂದರು. ಹೊರಗೆ ಕೂಗಿ ಕರೆದೆವು, ಯಾರೂ ಇರಲಿಲ್ಲ ಎಂದರು.

ಜಾವೀದ್ ಬಾಟಲಿ ತೆಗೆದು, ಮುಚ್ಚಳ ಅರ್ಧ ತಿರುಗಿಸಿ, ಮತ್ತೆ ಮುಚ್ಚಿದ. ಅಬ್ಬಾನ ಹಣೆಯ ಮೇಲೆ ಕೈ ಇಟ್ಟುಕೊಂಡು ನಿಂತ. ನಾನು ಪರದೆಯ ಆಚೆ ನಿಂತು ಅತ್ತೆ. ಆ ನೀರನ್ನು ಸಂಜೆ ಶವಕ್ಕೆ ಹೊದಿಸುವ ಕಫನ್ ಬಟ್ಟೆಯ ಮೇಲೆ ಚಿಮುಕಿಸಿದರು.

ಅವತ್ತಿನಿಂದ ಒಂದೇ ಲೆಕ್ಕ ಹಾಕುತ್ತಿದ್ದೇನೆ. ಆ ಹೆಂಗಸನ್ನು ನಾನು ಯಾಕೆ ಕೇಳಲಿಲ್ಲ? ನೋಡಿರಲಿಲ್ಲ ಎನ್ನುವ ಹಾಗಿಲ್ಲ, ಎರಡು ಸಲ ನೋಡಿದ್ದೆ. ನೈಲಾನ್ ಸೀರೆ, ಹವಾಯಿ ಚಪ್ಪಲಿ, ಬಟ್ಟೆ ಮಡಚುವವಳು. ಅವಳಿಗೇನು ಗೊತ್ತಿರುತ್ತೆ ಎಂದುಕೊಂಡೆ. ಮಾತಿನಲ್ಲಿ ಅಂದುಕೊಳ್ಳಲೂ ಇಲ್ಲ, ಕಾಲೇ ತೀರ್ಮಾನ ಮಾಡಿ ಮುಂದೆ ಹೋಯಿತು. ಎರಡು ದಿನದ ಸೆಕ್ಯೂರಿಟಿಯನ್ನು ಮಾತ್ರ ಓಡಿಹೋಗಿ ಕೇಳಿದೆ. ಅವನ ಭುಜದ ಮೇಲೆ ಪಟ್ಟಿ ಇತ್ತು, ಕಾಲಿಗೆ ಬೂಟು ಇತ್ತು.

ಆಮೇಲೊಂದು ದಿನ ಆಕೆಯನ್ನು ಹುಡುಕಿಕೊಂಡು ಹೋದೆ. ರಾಯಚೂರು ಕಡೆಯವರು, ಕಗ್ಗದಾಸಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದಾರೆ, ಹೆಸರು ಮಲ್ಲಮ್ಮ. ಕ್ಷಮೆ ಕೇಳಲೆಂದು ಹೋದವನು ಊರು, ಮನೆ ವಿಚಾರಿಸುತ್ತ ನಿಂತೆ. ಅವರೇ, ಅಜ್ಜಾರು ಭಾಳ ಒಳ್ಳೇವರಿದ್ರು, ನನಗ ಬೇಟಿ, ಮಗಳೇ ಅಂತಿದ್ರು ಎಂದು ಕಣ್ಣೊರೆಸಿಕೊಂಡರು. ಎಂಟು ದಿನದಲ್ಲಿ ಆ ಮುದುಕರು ಅವರನ್ನು ನೋಡಿದ್ದರು, ಮಾತಾಡಿಸಿದ್ದರು. ಎದ್ದು ಕೂರಲಾರದ ಮನುಷ್ಯ. ಎರಡು ಕಾಲಿದ್ದ ನಾನು?

ಕಳೆದ ವಾರ ಸಾಹೇಬರ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಇತ್ತು. ಜಾವೀದ್ ಬಾಗಿಲಲ್ಲೇ ಕಾದಿದ್ದು ಒಳಗೆ ಕರೆದುಕೊಂಡು ಹೋದ. ಪಕ್ಕದಲ್ಲೇ ಕೂರಿಸಿಕೊಂಡು, ತನ್ನ ಕೈಯಾರೆ ಬಡಿಸಿದ. ಅಂಗಡಿಯ ಮಾತಾಡಿದ, ನನ್ನ ಮಕ್ಕಳನ್ನು ವಿಚಾರಿಸಿದ, ಬಂದವರಿಗೆಲ್ಲ ಅವತ್ತು ನನ್ನ ಜೊತೆಗಿದ್ದವನು ಇವನೇ ಎಂದು ಪರಿಚಯ ಮಾಡಿಕೊಟ್ಟ.

ಮೆಟ್ಟಿಲು ಇತ್ತಲ್ಲ ಗುರು, ಯಾಕೆ ಕೆಳಗೆ ಕರ್ಕೊಂಡು ಹೋದೆ ಅಂತ ಅವನು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.