ಗಂಜಿಗೆ ಮುಂಚಿನ ಪ್ರಾರ್ಥನೆ

ಹೊನ್ನಾವರದ ನಮ್ಮ ಇಗರ್ಜಿಯ ಮಹಿಳಾ ಸಂಘಕ್ಕೆ ನಾನು ಸೇರಿದ್ದು ಕುಮಟಾದ ಶಾಲೆಯಿಂದ ನಿವೃತ್ತಳಾದ ಮೇಲೆ. ಸಂಘಕ್ಕೆ ನನ್ನಂಥವಳ ಅಗತ್ಯ ಬಹಳ ಇದೆಯೆಂದು ನನಗೆ ಅನ್ನಿಸಿತ್ತು. ಸಂಘಕ್ಕೆ ಹಾಗೆ ಅನ್ನಿಸಿದ್ದರ ಕುರುಹು ಕಾಣೆ.

ಸಂಘದ ಕೆಲಸ ಸರಳ. ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗೆ ಹೋಗುವುದು, ಕಸ ಗುಡಿಸಿ, ತಲೆ ಬಾಚಿ, ಬಿಸಿ ಗಂಜಿ, ಬಂಗಡೆ ಮೀನಿನ ಹುಳಿ ಉಣಿಸಿ ಬರುವುದು. ಊಟಕ್ಕೆ ಮುಂಚೆ ಪ್ರಾರ್ಥನೆ. ಆಮೆನ್ ಅನ್ನುವವರೆಗೆ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ.

ಮೊದಲ ಸಲ ನಾನು ಮಾಡಿಕೊಂಡು ಹೋದ ಹುಳಿಯನ್ನು ಅಧ್ಯಕ್ಷೆ ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ.

“ಅಕ್ಕೋರೆ, ನೀವು ಪ್ರಾರ್ಥನೆ ನೋಡ್ಕಣಿ,” ಅಂದಳು. “ಅಡುಗೆ ನಾವು ಹ್ಯಾಂಗಾದ್ರೂ ಮಾಡ್ಕಂತೇವೆ.”

ಇದನ್ನು ನಾನು ಬಡ್ತಿಯೆಂದೇ ಸ್ವೀಕರಿಸಿದೆ.

ಅದುವರೆಗಿನ ಪ್ರಾರ್ಥನೆ ಒಂದೇ ಉಸಿರಿನದು. ನಾನು ಪೀಠಿಕೆ ಸಮೇತ ಹೊಸದೊಂದನ್ನು ರಚಿಸಿದೆ. ಅದರಲ್ಲಿ ರೋಗಿಗಳಿದ್ದರು, ಅವರನ್ನು ನೋಡಿಕೊಳ್ಳುವವರಿದ್ದರು, ಗಲ್ಫಿನಲ್ಲಿರುವವರು, ಪರೀಕ್ಷೆಗೆ ಕೂತ ಮಕ್ಕಳು, ನಮ್ಮನ್ನಾಳುವವರು, ಕಡಲಿಗಿಳಿದ ಮೀನುಗಾರರು, ಎಲ್ಲರೂ ಇದ್ದರು. ಸದಸ್ಯೆಯರಿಂದ ಬಾಯಿಪಾಠ ಮಾಡಿಸಿದೆ. ತಪ್ಪಿದವರು ಮೊದಲಿನಿಂದ ಶುರುಮಾಡಬೇಕು.

ಪ್ರಥಮ ಪ್ರಯೋಗ ನಡೆದದ್ದು ಹೊಳೆಬದಿಯ ಒಬ್ಬ ವಿಧವೆಯ ಮನೆಯಲ್ಲಿ. ತುಂಬ ವಯಸ್ಸಾದವಳು, ಎದ್ದು ಓಡಾಡುವಂತಿರಲಿಲ್ಲ. ನಾನಿನ್ನೂ ಗಲ್ಫಿಗೆ ತಲುಪಿದ್ದೆನಷ್ಟೆ, ಮುದುಕಿ ಗಟ್ಟಿಯಾಗಿ “ಆಮೆನ್” ಅಂದಳು. ಪಾಪ ಅನ್ನಿಸಿತು. ವಯಸ್ಸಾದ ಮೇಲೆ ಪ್ರಾರ್ಥನೆ ಎಲ್ಲಿ ಮುಗಿಯುತ್ತದೆಂಬುದು ತಿಳಿಯುವುದಿಲ್ಲ.

“ಇನ್ನೂ ಇದೆ, ಮಾಯ್,” ಎಂದು ಅವಳ ಕೈ ಸವರಿದೆ.

“ಇರ್ತದೆ, ಇರ್ತದೆ. ಗಂಜಿ ಆರ್ತದೆ.”

ಹಿಂದೆ ನಿಂತವರು ಒಟ್ಟಿಗೇ ಕೆಮ್ಮಿದರು. ಊರಲ್ಲಿ ಶೀತದ ಗಾಳಿ ಇದೆಯೆಂದುಕೊಂಡು ನಾನು ಪರೀಕ್ಷೆಗೆ ಕೂತ ಮಕ್ಕಳ ಕಡೆ ಸಾಗಿದೆ.

ಹೋದ ವರ್ಷ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದೆ. ಕುಮಟಾದ ಡಾಕ್ಟರು ಕಾಲಿಗೆ ಪ್ಲಾಸ್ಟರು ಹಾಕಿ ಮಲಗಿಸಿದರು. ಒಂಟಿ ಹೆಂಗಸು ನಾನು. ಒಲೆಯ ಮುಂದೆ ನಿಲ್ಲಲಾಗದೆ ಚಹಾ, ಬ್ರೆಡ್ಡಿನಲ್ಲೇ ಕಾಲ ಹಾಕುತ್ತಿದ್ದೆ. ಬಿದ್ದ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಊಟದ ಪಾಡನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗಂಜಿ ಒಯ್ಯುವವಳು ಗಂಜಿಗೆ ಕಾಯುವವಳಾಗುವುದೆಂದರೆ ಪದವಿಗೆ ಶೋಭೆಯೆ? ಆದರೂ ಮೊದಲ ಶುಕ್ರವಾರ ಬೆಳಗಾದಾಗ ಇದ್ದದ್ದು ಒಂದೇ ಹೆದರಿಕೆ: ಸಂಘದವರು ಬಾರದೆ ಹೋದರೆ?

ಬಂದರು. ಒಬ್ಬಳು ನನ್ನ ತಲೆ ಬಾಚಲು ಕೂತಳು. ಅಡುಗೆಮನೆ ಹೊಕ್ಕ ಅಧ್ಯಕ್ಷೆ ಬ್ರೆಡ್ಡಿನ ಖಾಲಿ ಪೊಟ್ಟಣ ಹಿಡಿದುಕೊಂಡು ಹೊರಬಂದಳು.

“ಇಷ್ಟು ದಿನ ಇದೇಯಾ ಉಂಡದ್ದು? ನಮ್ಗೊಂದು ಮಾತು ಹೇಳೂಕೆ ಎಂತ ಆಗಿತ್ತು?”

“ನಾನು ಸದಸ್ಯೆ. ರೋಗಿಯಲ್ಲ.”

“ಈಗ ಎರಡೂ ಹೌದು. ಸುಮ್ನೆ ಮಲಗಿ.”

ಸ್ಟೀಲಿನ ಪಾತ್ರೆಗಳನ್ನು ನನ್ನ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆಯೇ ಇಟ್ಟರು. ಮುಚ್ಚಳದ ಸಂದಿಯಿಂದ ಬಂಗಡೆ ಹುಳಿಯ ಪರಿಮಳ ಬಂತು. ಎಲ್ಲರೂ ಕೈಮುಗಿದು ನಿಂತರು.

ನನ್ನ ಪ್ರಾರ್ಥನೆ. ಪೀಠಿಕೆಯಲ್ಲಿ ಒಂದಕ್ಷರ ತಪ್ಪಲಿಲ್ಲ. ನಾನು ಉಸಿರೆಳೆದುಕೊಳ್ಳುತ್ತಿದ್ದ ಕಡೆಗಳಲ್ಲಿ ಅವರೂ ಎಳೆದುಕೊಂಡರು. ಇಂಥ ವಿಧೇಯ ತರಗತಿ ನನಗೆ ಇಡೀ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ. ಗಲ್ಫಿಗೆ ಬಂದಾಗ ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ಮಕ್ಕಳು ಪರೀಕ್ಷೆ ಬರೆದರು. ಆಳುವವರು ನಿಧಾನವಾಗಿ ಆಳತೊಡಗಿದರು.

“ಆಮೆನ್,” ಅಂದೆ, ಗಟ್ಟಿಯಾಗಿ.

ಎಲ್ಲರ ಕಣ್ಣು ತೆರೆಯಿತು.

“ಅಕ್ಕೋರೆ,” ಅಧ್ಯಕ್ಷೆ ಬಹಳ ಮೃದುವಾಗಿ ನನ್ನ ಕೈ ಸವರಿದಳು, “ಮೀನುಗಾರರು ಇನ್ನೂ ಬರ್ಲಿಲ್ಲ.”

“ಅವರ ಬಂಗಡೆ ಬಂದಾತಲ್ಲೆ,” ಅಂದೆ. “ಮುಚ್ಚಳ ತೆಗಿ.”